ಸೊಲ್ಲು ಹಿಡಿಯುವವಳಿಗೆ

ವಿಜಯನಗರ, ಬೆಂಗಳೂರು
ಗಣೇಶನ ಹಬ್ಬದ ರಾತ್ರಿ

ಪ್ರೀತಿಯ ಅಕ್ಕ,

ಕಾಗದ ಅಂದಮೇಲೆ ‘ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ’ ಅಂತ ಶುರು ಮಾಡಬೇಕು ಎಂದು ಕಲಿಸಿದವಳು ನೀನು. ಅಪ್ಪ ಊರಿಗೆ ಬರೆಸುತ್ತಿದ್ದ ನೀಲಿ ಇನ್‌ಲ್ಯಾಂಡ್ ಲೆಟರುಗಳಲ್ಲಿ ಆ ಒಂದು ಸಾಲು ಬರೆದುಬರೆದು ನಿನ್ನ ಅಕ್ಷರ ದುಂಡಗಾಯಿತು. ನಾನು ಇವತ್ತು ಮೊದಲರ್ಧ ಮಾತ್ರ ಬರೆಯುತ್ತೇನೆ. ನಾವೆಲ್ಲ ಇಲ್ಲಿ ಕ್ಷೇಮ.

ಬೀದಿ ಕೊನೆಯ ಪೆಂಡಾಲಿನ ಆರ್ಕೆಸ್ಟ್ರಾ ಈಗಷ್ಟೇ ನಿಂತಿದೆ. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ. ನಮ್ಮನೆಯವರು ಮಲಗಿದ್ದಾರೆ. ನಿನ್ನೆ ಗೌರಿ ಬಾಗಿನ ನಿನ್ನ ಮಗಳಿಗೆ ಕೊಟ್ಟೆ. ಅಮ್ಮ ಹೋದ ಮೇಲೆ ತವರು ಅಂದರೆ ಕೆಂಗೇರಿಯ ನಿನ್ನ ಮನೆಯೇ ಅಂದುಕೊಂಡಿದ್ದೆನಲ್ಲ, ಮೊರದಲ್ಲಿ ಬಳೆ, ಬೆಲ್ಲ, ಬೇಳೆ, ರವಿಕೆ ಕಣ ಜೋಡಿಸಿ ವರ್ಷವರ್ಷವೂ ನೀನು ಕೊಡುತ್ತಿದ್ದೆ. ಈಗ ಕೊಡುವವಳು ನಾನಾಗಿದ್ದೇನೆ. ಮೊರ ಮುಚ್ಚುವಾಗ ಕೈ ಸ್ವಲ್ಪ ನಡುಗಿತು, ಅಷ್ಟೇ. ಪುಟ್ಟಿ ನೋಡಲಿಲ್ಲ.

ಸುದ್ದಿ ಏನೆಂದರೆ ಅಕ್ಕ, ನಾನು ಹಾಡಿದೆ. ಒಂಬತ್ತು ಹಾಡಿನ ಆಲ್ಬಂ ಮುಗಿದಿದೆ. ಎರಡು ಅಮ್ಮನ ಬೀಸುವ ಪದಗಳು, ಏಳು ನಾನು ಕಟ್ಟಿದವು. ಕ್ಯಾಸೆಟ್ಟಿನ ಕಾಲ ಹೋಯಿತು, ಸೀಡಿಯ ಕಾಲವೂ ಹೋಯಿತು. ಎಲ್ಲಾ ಫೋನಿಗೇ ಬರುತ್ತದೆ. ನಮ್ಮ ಹಾಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದಕ್ಕೆ ಆಗುವುದಿಲ್ಲ ಅನ್ನುವುದೊಂದೇ ನನಗೆ ಬೇಸರ.

ಏಳು ಹಾಡು ಯಾವಾಗ ಕಟ್ಟಿದೆ ಅಂತ ನೀನು ಕೇಳುತ್ತೀಯ. ಅದಕ್ಕೇ ಈ ಕಾಗದ. ನಿನಗೆ ನಾನೊಂದು ಸುಳ್ಳು ಹೇಳಿದ್ದೆ, ಹಾಗೇ ಉಳಿಸಿಕೊಂಡೂ ಬಿಟ್ಟೆ.

ಹಿಂದಿನಿಂದ ಹೇಳುತ್ತೇನೆ, ನಿನಗೆ ಗೊತ್ತಿದ್ದರೂ. ಕೆ.ಪಿ. ಅಗ್ರಹಾರದ ವಠಾರ ನೆನಪಿದೆಯಾ? ಬಿನ್ನಿ ಮಿಲ್ಲಿನ ಶಿಫ್ಟು ಮುಗಿಸಿ ಅಪ್ಪ ಬಂದರೆ ಅಂಗಿಯ ಮೇಲೆಲ್ಲಾ ಹತ್ತಿಯ ದೂಳು. ಪಕ್ಕದ ಮನೆಯ ರೇಡಿಯೋದಲ್ಲಿ ಕಾಳಿಂಗರಾಯರು ಬಂದರೆ ಅಮ್ಮ ರಾಗಿ ಕಲ್ಲು ನಿಲ್ಲಿಸಿಬಿಡುತ್ತಿದ್ದಳು. ಅವರ ಜೊತೆ ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿ ಅಕ್ಕತಂಗಿಯರಂತೆ ಎಂದು ಯಾರೋ ಹೇಳಿದ್ದೇ ತಡ, ನೀನು ಮೋಹನಕುಮಾರಿ, ನಾನು ಸೋಹನಕುಮಾರಿ. ನಲ್ಲಿಯ ಕೊಡ ತುಂಬುವವರೆಗೆ ಕಛೇರಿ. ಕಾಳಿಂಗರಾಯರು ಮಾತ್ರ ನಮಗೆ ಯಾವತ್ತೂ ಸಿಗಲಿಲ್ಲ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂತು. ನಿಸಾರ್ ಅಹಮದರ ಪದ್ಯ, ಮೈಸೂರು ಅನಂತಸ್ವಾಮಿಯವರ ರಾಗ. ವಠಾರದ ಮೇಷ್ಟ್ರ ಮನೆಯ ಟೇಪ್ ರೆಕಾರ್ಡರಿನ ಮುಂದೆ ಕೂತು ನೀನು ಒಂದೊಂದೇ ರಾಗವನ್ನು ಕೇಳಿಕೇಳಿಯೇ ಹಾರ್ಮೋನಿಯಮ್ಮಿಗೆ ಇಳಿಸಿದೆ. ನಿನಗೆ ಯಾರೂ ಪಾಠ ಹೇಳಲಿಲ್ಲ. ಶ್ರೀರಾಂಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಹುಡುಗರು ತಮಟೆ ಹಿಡಿದು ಬೀದಿಯಲ್ಲಿ ಹಾಡಿಕೊಂಡು ಹೋದಾಗ, ಪದ್ಯವನ್ನು ಪುಸ್ತಕದವರೇ ಬರೆಯಬೇಕಾಗಿಲ್ಲ ಅಂತ ನನಗೆ ಮೊದಲ ಸಲ ಹೊಳೆಯಿತು. ಆಮೇಲೆ ನಾನು ಪದ ಕಟ್ಟುವುದು, ನೀನು ರಾಗ ಹಾಕುವುದು. ನಾನು ಎತ್ತಿಕೊಡುವುದು, ನೀನು ಸೊಲ್ಲು ಹಿಡಿಯುವುದು.

1988ರ ಕ್ಯಾಸೆಟ್ಟು. ಎಂಟು ಹಾಡು, ಅದರಲ್ಲಿ ಐದು ನಾನು ಕಟ್ಟಿದವು. ಅಂಗಡಿಯಿಂದ ತಂದು, ಮೇಲಿನ ಪ್ಲಾಸ್ಟಿಕ್ಕು ಕಿತ್ತು ನೋಡಿದರೆ ಎಂಟಕ್ಕೂ ಒಂದೇ ಅಚ್ಚು: ‘ಸಾಹಿತ್ಯ: ಜನಪದ’. ರಾಗದ ಮುಂದೆ ನಿನ್ನ ಹೆಸರೂ ಇರಲಿಲ್ಲ. ನಾನು ಅತ್ತೆ. ನೀನು ಏನೆಂದೆ ನೆನಪಿದೆಯಾ? ‘ಬಿಡೇ, ಜನಪದ ಅನ್ನಿಸಿಕೊಳ್ಳೋದು ಏನ್ ಕಮ್ಮಿ ಮಾತಾ?’ ಅಂದೆ. ಆ ಕಂಪನಿಯ ಮೇಲಿನ ಸಿಟ್ಟನ್ನೆಲ್ಲ ನಾನು ನಿನ್ನ ಮೇಲೆ ಹಾಕಿದೆ. ನಿನಗೇನು, ನೀನು ಪದ ಕಟ್ಟಿದವಳಲ್ಲ ಅಂದುಬಿಟ್ಟೆ. ನೀನು ಮಾತಾಡದೆ ಹಾರ್ಮೋನಿಯಮ್ಮಿನ ತಿದಿ ಮುಚ್ಚಿ ಕೊಂಡಿ ಹಾಕಿದೆ. ಆ ಕೊಂಡಿಯ ಸದ್ದು ನನಗೆ ಈಗಲೂ ಕೇಳುತ್ತದೆ.

ಆಮೇಲೆ ಅಮ್ಮ. 1991. ಊರಿನಲ್ಲಿ ಹೆಣದ ಮುಂದೆ ರಾತ್ರಿಯೆಲ್ಲಾ ಭಜನೆ. ತಂಬೂರಿ, ದಮ್ಮಡಿ, ತತ್ವಪದ. ಮಾಗಡಿ ಕಡೆಯಿಂದ ಬಂದಿದ್ದ ಮುದುಕರು ‘ನಿಮ್ಮವ್ವನ್ನ ಕಳಿಸಿಕೊಡವ್ವ’ ಅಂತ ತಂಬೂರಿಯನ್ನು ನನ್ನ ಕಡೆ ಸರಿಸಿದರು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ನೀನೇ ಆ ಪದ ಮುಗಿಸಿದೆ. ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಗಂಟಲಿಗೆ ಏನೂ ಆಗಿಲ್ಲ ಅಂದರು. ಏನೂ ಆಗಿಲ್ಲ ಅನ್ನುವುದು ಎಷ್ಟು ಕಷ್ಟದ ಕಾಯಿಲೆ ಅಂತ ನನಗೆ ಗೊತ್ತು. ಮಾತು ಸರಾಗ, ಪದ ಎತ್ತಿಕೊಂಡರೆ ಗಂಟಲು ಕಟ್ಟುತ್ತಿತ್ತು. ಅಲ್ಲಿಗೆ ಬಿಟ್ಟೆ. ಗಾರ್ಮೆಂಟ್ಸಿಗೆ ಸೇರಿದೆ. ‘ಹಾಡು ಬಿಟ್ಟೆ, ಪದ ಕಟ್ಟೋದೂ ಬಿಟ್ಟೆ’ ಅಂತ ನಿನಗೆ ಹೇಳಿದೆ.

ಸುಳ್ಳು ಅದು, ಅಕ್ಕ. ಪದ ಕಟ್ಟುವುದನ್ನು ನಾನು ಒಂದು ವಾರವೂ ಬಿಡಲಿಲ್ಲ.

ಫ್ಯಾಕ್ಟರಿಯಲ್ಲಿ ನನ್ನದು ತೋಳು ಕೂಡಿಸುವ ಕೆಲಸ. ಬಂಡಲ್ ಬಂತು, ಕಟ್ಟು ಬಿಚ್ಚು, ಎಡತೋಳು, ಬಲತೋಳು, ಮುಂದಿನ ಮಿಷನ್ನಿಗೆ ತಳ್ಳು. ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಿನ ಮೇಲೆ ಬರೆದಿರುತ್ತಿತ್ತು. ಸಾಲಾಗಿ ಕೂತ ಅಷ್ಟೂ ಮಿಷನ್ನುಗಳ ಸದ್ದಿನಲ್ಲಿ ಪಕ್ಕದವಳ ಮಾತೂ ಕೇಳುವುದಿಲ್ಲ. ಅಮ್ಮ ರಾಗಿ ಬೀಸುವಾಗ ಕಲ್ಲಿನ ಸದ್ದಿಗೆ ಪದ ಹೊಂದಿಸುತ್ತಿದ್ದಳು. ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಾಲು. ಮಿಷನ್ನಿಗೂ ಒಂದು ನಡೆ ಇದೆ. ಪೆಡಲ್ ಒತ್ತಿದಾಗ ಓಟ, ಮೂಲೆ ತಿರುಗಿಸುವಾಗ ತಡೆ, ಮತ್ತೆ ಓಟ. ಕಲ್ಲಿಗೆ ಅಮ್ಮ ತಾನೇ ಯಜಮಾನಿ, ಮಿಷನ್ನಿಗೆ ನಾನಲ್ಲ, ಅದೇ ವ್ಯತ್ಯಾಸ. ಆದರೂ ಆ ತಡೆಯಲ್ಲಿ ಒಂದು ಮಾತು ಕೂರುತ್ತಿತ್ತು. ತುಟಿ ಅಲ್ಲಾಡದೆ ಒಳಗೇ ಕಟ್ಟುತ್ತಿದ್ದೆ. ಊಟದ ಬೆಲ್ ಆದಾಗ ಬಂಡಲಿನ ಚೀಟಿಯ ಹಿಂಬದಿಯಲ್ಲಿ ಬರೆದು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದೆ. ನೀನು ಕೇಳದೇ ಹೋದ ಒಂದು ಇಲ್ಲಿ ಬರೆಯುತ್ತೇನೆ:

ಅಂಗಿ ಹೊಲಿದೇನವ್ವ ಅರಿಯದ ಊರಿಗೆ
ತೋಳೀಗೆ ತೋಳ ಜೋಡಿಸಿ, ಹೊಲಿದರೂ
ತೊಟ್ಟವನ ಮೊಕವ ಕಾಣೆನು

ರಾಗ ನೀನು ಹಾಕಬೇಕಿತ್ತು. ಅಮ್ಮನ ಬೀಸುವ ಪದದ ಮಟ್ಟಿನಲ್ಲೇ ಹಾಡಿದ್ದೇನೆ.

ಮತ್ತೆ ಹಾಡೋಣ ಅಂತ ನೀನು ಕೇಳದೆ ಇರಲಿಲ್ಲ. 2005ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಹಾಡಿನ ಕಾರ್ಯಕ್ರಮಕ್ಕೆ ನನ್ನನ್ನು ಎಳೆದುಕೊಂಡು ಹೋದೆ. ಲಕ್ಷ ಜನ ಸೇರಿದ್ದರು ಎನ್ನುತ್ತಾರೆ. ವೇದಿಕೆ ನಮಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಆದರೆ ಅಶ್ವತ್ಥರ ದನಿ ಮಾತ್ರ ಪಕ್ಕದಲ್ಲೇ ನಿಂತು ಗದರಿದ ಹಾಗಿತ್ತು. ಶರೀಫಜ್ಜನ ಪದಕ್ಕೆ ಇಡೀ ಮೈದಾನ ಸೊಲ್ಲು ಹೇಳಿತು. ನೀನೂ ಹೇಳಿದೆ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ‘ಅವರೂ ಐ.ಟಿ.ಐ. ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ದುಡಿದುಕೊಂಡೇ ಹಾಡು ಕಟ್ಟಿದೋರು ಕಣೇ. ನಾವೂ ಇನ್ನೊಂದು ಸಲ ನೋಡೋಣ್ವಾ?’ ಅಂದೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಆಗ ನನ್ನ ಪರ್ಸಿನಲ್ಲಿ ಎರಡು ಚೀಟಿ ಇದ್ದವು.

ಯಾಕೆ ತೋರಿಸಲಿಲ್ಲ ಅಂತ ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ತೋರಿಸಿದ್ದರೆ ನೀನು ಅವತ್ತೇ ರಾತ್ರಿ ರಾಗ ಹಾಕಿಬಿಡುತ್ತಿದ್ದೆ. ಆಮೇಲೆ ಹಾಡು ಅನ್ನುತ್ತಿದ್ದೆ. ಬಾಯಿ ತೆರೆದರೆ ಮತ್ತೆ ಗಾಳಿಯೇ ಬಂದರೆ? ನಿನ್ನ ಎದುರಿಗೆ ಅದು ಇನ್ನೊಂದು ಸಲ ಆಗುವುದು ನನಗೆ ಬೇಡವಾಗಿತ್ತು. ಅದರ ಜೊತೆಗೆ ಆ ಕೊಂಡಿಯ ಸದ್ದು. ಕ್ಷಮೆ ಕೇಳದೆ ಹಾಡು ಕೊಡುವುದು ಹೇಗೆ ಅಂತ ಕಾದೆ. ಕ್ಷಮೆ ಕೇಳುವ ಹೊತ್ತೂ ಬರಲಿಲ್ಲ.

ದನಿ ಮೊದಲು ಬಂದದ್ದು ರಸ್ತೆಯ ಮೇಲೆ. 2016ರ ಏಪ್ರಿಲ್ 18, 19. ಪಿ.ಎಫ್.ನಲ್ಲಿ ಕಂಪನಿ ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಹೊಸ ನಿಯಮ ಬಂದಿತ್ತಲ್ಲ, ಆಗ. ಮಗಳ ಮದುವೆ, ಮನೆಯ ಭೋಗ್ಯ, ಆಸ್ಪತ್ರೆ, ಎಲ್ಲಕ್ಕೂ ಆ ದುಡ್ಡೇ ದಿಕ್ಕಾದ ಹೆಂಗಸರು ಯಾವ ದೊಡ್ಡ ನಾಯಕರೂ ಕರೆಯದೆ ಬೀದಿಗೆ ಬಂದರು. ನೀನು ಟೀವಿಯಲ್ಲಿ ಬಸ್ಸು ಉರಿಯುವುದನ್ನು ನೋಡಿ ಗಾಬರಿಯಾಗಿ ಫೋನ್ ಮಾಡಿದ್ದೆ. ನಾನು ಹುಷಾರಾಗಿದ್ದೇನೆ ಅಂದೆ. ಏನು ಮಾಡಿದೆ ಅಂತ ಹೇಳಲಿಲ್ಲ. ಗೇಟಿನ ಹೊರಗೆ ಬಿಸಿಲಿಗೆ ಕೂತಿದ್ದೆವು. ಚಿಕ್ಕ ಹುಡುಗಿಯೊಬ್ಬಳು ಹೆದರಿ ಅಳುತ್ತಿದ್ದಳು. ಅವಳ ಬೆನ್ನು ತಟ್ಟುತ್ತಾ ಗೊತ್ತಿಲ್ಲದೆ ಆ ಮೂರು ಸಾಲು ಎತ್ತಿಕೊಂಡೆ. ಒರಟು ದನಿ. ಅರ್ಧ ಹಾಡು, ಅರ್ಧ ಗೊರಗೊರ. ಆದರೂ ದನಿ. ಎರಡನೇ ಸುತ್ತಿಗೆ ಪಕ್ಕದವರು ಯಾರೂ ಹೇಳದೆ ಸೊಲ್ಲು ಹಿಡಿದರು. ಅವರು ರಾಯಚೂರಿನವರು, ಕನಕಪುರದವರು, ಶಿರಾದವರು. ಪದ ಹೊಸದು, ಸೊಲ್ಲು ಹಿಡಿಯುವುದು ಎಲ್ಲರಿಗೂ ಗೊತ್ತು. ಎರಡನೇ ದಿನ ಕೇಂದ್ರ ಸರ್ಕಾರ ಆ ನಿಯಮ ವಾಪಸು ತೆಗೆದುಕೊಂಡಿತು. ನಾವು ಮತ್ತೆ ಮಿಷನ್ನಿಗೆ ಕೂತೆವು.

ಎರಡನೇ ಸಲ ದನಿ ಬಂದದ್ದು ನಿನ್ನನ್ನು ಕಳಿಸಿದ ದಿನ. 2021ರ ಮೇ. ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸುಗಳ ಸಾಲು, ನಿನ್ನದು ಎಷ್ಟನೆಯದೋ. ಹತ್ತಿರ ಬಿಡಲಿಲ್ಲ. ಭಜನೆ ಇಲ್ಲ, ತಂಬೂರಿ ಇಲ್ಲ, ನಾಲ್ಕು ಜನ ಹೆಗಲು ಕೊಡುವುದೂ ಇಲ್ಲ. ಅಮ್ಮನಿಗೆ ಎಲ್ಲರೂ ಹಾಡು ಅಂದರು, ನನಗೆ ಆಗಲಿಲ್ಲ. ನಿನಗೆ ಹಾಡು ಅನ್ನುವವರೇ ಇರಲಿಲ್ಲ. ಗೇಟಿನ ಆಚೆ, ಎರಡು ಮಾಸ್ಕಿನ ಒಳಗೆ, ಅಮ್ಮನಿಗೆ ನೀನು ಹೇಳಿದ್ದ ಅದೇ ಪದ ಕೊನೆಯವರೆಗೂ ಹೇಳಿದೆ. ಪುಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ನಾನು ಹಾಡಿದ್ದನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ನಿನ್ನ ಮೆಟ್ರೊ ಬಂತು ಅಕ್ಕ. ನೀನು ಹೋದ ಮೂರೇ ತಿಂಗಳಿಗೆ, ಆಗಸ್ಟ್ ಕೊನೆಯಲ್ಲಿ, ಮೈಸೂರು ರಸ್ತೆ ಸ್ಟೇಷನ್ನಿನಿಂದ ಕೆಂಗೇರಿವರೆಗೆ ಓಡಿತು. ‘ಮೆಟ್ರೊ ಆಗ್ಲಿ, ಅತ್ತಿಗುಪ್ಪೆಯಲ್ಲಿ ಹತ್ತಿ ದಿನಾ ಬಂದುಬಿಡು’ ಅನ್ನುತ್ತಿದ್ದೆ. ಈಗ ವಾರಕ್ಕೆರಡು ಸಲ ಹಾಗೇ ಹೋಗುತ್ತೇನೆ. ಕೆಳಗೆ ವೃಷಭಾವತಿ ಹಾಗೇ ಕಪ್ಪಗೆ ಹರಿಯುತ್ತಾಳೆ. ಜ್ಞಾನಭಾರತಿ ದಾಟುವಾಗ ಮಾತ್ರ ಮರಗಳ ಹಸಿರು ಕಣ್ಣಿಗೆ ತಂಪು.

ಆ ಓಡಾಟದಲ್ಲೇ ಪುಟ್ಟಿ ಒಂದು ದಿನ ಇಯರ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗಿಟ್ಟಳು. ‘ಚಿಕ್ಕಮ್ಮ, ಇದು ಕೇಳು.’ ಇಂಗ್ಲಿಷ್ ಹಾಡು. ಮುದುಕಿಯ ದನಿ. ಸಿಹಿಯಿಲ್ಲ, ಬಳುಕಿಲ್ಲ, ನೆಲಕ್ಕೆ ಹತ್ತಿರವಾದ ದನಿ. ನನಗೆ ಮೊದಲಿಗೆ ಹಿಡಿಸಲಿಲ್ಲ. ಆಮೇಲೆ ಅವಳು ಆ ಹೆಂಗಸಿನ ಕಥೆ ಹೇಳಿದಳು. ಕೇಳುತ್ತಾ ಕೇಳುತ್ತಾ ಕೆಂಗೇರಿ ದಾಟಿ ಹೋಯಿತು, ಚಲ್ಲಘಟ್ಟದಲ್ಲಿ ಇಳಿದು ವಾಪಸು ಬಂದೆವು.

ಅವರ ಹೆಸರು ಶರ್ಲಿ ಕಾಲಿನ್ಸ್. ಇಂಗ್ಲೆಂಡಿನ ಸಸೆಕ್ಸ್ ಸೀಮೆಯವರು, 1935ರಲ್ಲಿ ಹುಟ್ಟಿದವರು. ಅವರಿಗೂ ಒಬ್ಬಳು ಅಕ್ಕ, ಡಾಲಿ. ಹಳ್ಳಿಯ ಹಳೆಯ ಪದಗಳನ್ನು ಶರ್ಲಿ ಹಾಡುವುದು, ಅಕ್ಕ ಅದಕ್ಕೆ ಸಂಗೀತ ಕೂಡಿಸಿ ಕೊಳವೆಗಳಿರುವ ಪುಟ್ಟ ಆರ್ಗನ್ ನುಡಿಸುವುದು. ಅದೂ ಗಾಳಿಯಿಂದಲೇ ಉಸಿರಾಡುವ ವಾದ್ಯ, ನಿನ್ನ ಹಾರ್ಮೋನಿಯಮ್ಮಿನ ದೂರದ ನೆಂಟ. 1959ರಲ್ಲಿ ಶರ್ಲಿ, ಅಲನ್ ಲೊಮ್ಯಾಕ್ಸ್ ಅನ್ನುವವರ ಜೊತೆ ಅಮೆರಿಕದ ದಕ್ಷಿಣದ ಹಳ್ಳಿಗಳನ್ನು ಸುತ್ತಿ, ಬಡವರ ಜಗಲಿಗಳಲ್ಲಿ ಕೂತು ಅವರ ಹಾಡುಗಳನ್ನು ಟೇಪಿಗೆ ತುಂಬಿದರು. ನಮ್ಮ ಎಚ್.ಎಲ್. ನಾಗೇಗೌಡರು ಮಾಡಿದ ಹಾಗೆಯೇ. ರಾಮನಗರದ ಜಾನಪದ ಲೋಕಕ್ಕೆ ಹೋದಾಗ ಗೌಡರು ಊರೂರು ತಿರುಗಿ ಹಾಡು ಹಿಡಿದ ಕಥೆ ಕೇಳಿ ‘ಅಮ್ಮನದ್ದನ್ನ ಯಾರೂ ಹಿಡಿಯಲಿಲ್ಲವಲ್ಲೇ’ ಅಂದಿದ್ದೆಯಲ್ಲ, ಅದು ನೆನಪಾಯಿತು.

ಆಮೇಲೆ ಶರ್ಲಿಯ ಮದುವೆ ಮುರಿಯಿತು. ಆ ಹೊತ್ತಿನಲ್ಲೇ ವೇದಿಕೆಯ ಮೇಲೆ ಬಾಯಿ ತೆರೆದರೆ ದನಿ ಬಾರದೆ ಹೋಯಿತು. ಅದಕ್ಕೆ ಡಿಸ್ಫೋನಿಯ ಅಂತ ಹೆಸರಿದೆಯಂತೆ. ಹೆಸರು ಕೇಳಿದಾಗ ನನಗೆ ಅಳು ಬಂತು. ನನ್ನದಕ್ಕೂ ಅಂಥದೊಂದು ಹೆಸರು ಯಾರಾದರೂ ಹೇಳಿದ್ದರೆ ಎಷ್ಟು ಭಾರ ಇಳಿಯುತ್ತಿತ್ತೋ. 1978ರಲ್ಲಿ ಅಕ್ಕತಂಗಿಯರ ಕೊನೆಯ ಆಲ್ಬಂ. ಹಾಡುವುದು ಬಿಟ್ಟು ಆಕೆ ಸಣ್ಣಪುಟ್ಟ ನೌಕರಿ ಮಾಡಿಕೊಂಡು ಮಕ್ಕಳನ್ನು ಸಾಕಿದರು. 1995ರಲ್ಲಿ ಡಾಲಿ ತೀರಿಕೊಂಡರು. 2014ರಲ್ಲಿ, ಅವರ ಹಾಡುಗಳನ್ನು ಪ್ರೀತಿಸುತ್ತಿದ್ದ ಒಬ್ಬ ಸಂಗೀತಗಾರ ವರ್ಷಗಟ್ಟಲೆ ಒತ್ತಾಯ ಮಾಡಿದ್ದಕ್ಕೆ, ಲಂಡನ್ನಿನ ಒಂದು ಚರ್ಚಿನಲ್ಲಿ ಎರಡೇ ಎರಡು ಹಾಡು ಹಾಡಿದರು. 2016ರ ನವೆಂಬರಿನಲ್ಲಿ ‘ಲೋಡ್‌ಸ್ಟಾರ್’ ಆಲ್ಬಂ ಬಂತು. ಮೂವತ್ತೆಂಟು ವರ್ಷದ ಮೇಲೆ, 81ನೇ ವಯಸ್ಸಿನಲ್ಲಿ. ಗುರುತಿಲ್ಲದವರ ಮುಂದೆ ಸ್ಟುಡಿಯೋದಲ್ಲಿ ಹಾಡುವುದಕ್ಕೆ ಸಂಕೋಚವಾಗಿ ತಮ್ಮ ಮನೆಯಲ್ಲೇ ಹಾಡಿದರು. ನಾನು ಗೇಟಿನ ಹೊರಗೆ ಕೂತು ಗೊರಗೊರ ಅಂದ ಅದೇ ವರ್ಷ.

ಆ ದನಿಯನ್ನು ಇನ್ನೊಂದು ಸಲ ಕೇಳಿದೆ. ಅದು ಯಾಕೆ ಹಿಡಿಸಲಿಲ್ಲ ಅಂತ ಯೋಚನೆ ಮಾಡಿದೆ. ಊರಿನಲ್ಲಿ ಸೋಬಾನೆ ಎತ್ತಿಕೊಡುತ್ತಿದ್ದವರು ಯಾರು ಅಕ್ಕ? ಹಲ್ಲು ಬಿದ್ದ ಮುದುಕಿಯರು. ಹುಡುಗಿಯರದ್ದು ಹಿಂದೆ ಕೂತು ಸೊಲ್ಲು ಹೇಳುವ ಕೆಲಸ. ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರನ್ನು ನೆನೆಸಿಕೋ. ಅಂಕೋಲೆಯ ಬಡಗೇರಿಯಲ್ಲಿ ಕೂತು ಮುಪ್ಪಿನಲ್ಲೂ ಹಾಡಿದರು, 2017ರಲ್ಲಿ ಪದ್ಮಶ್ರೀ ಬಂತು. ಅವರೂ 2025ರ ಫೆಬ್ರವರಿಯಲ್ಲಿ ಹೋದರು. ಅವರ ದನಿ ಇಳಿದಿದೆ ಅಂತ ಊರಿನಲ್ಲಿ ಯಾರಾದರೂ ಅವರನ್ನು ಹಿಂದಕ್ಕೆ ಕೂರಿಸಿದರೇ? ಜನಪದಕ್ಕೆ ಎಳೆಯ ಸಿಹಿ ದನಿಯೇ ಬೇಕು ಅನ್ನುವುದು ಕ್ಯಾಸೆಟ್ಟಿನವರು ಹಾಕಿದ ರೂಢಿ. ಅವತ್ತು ನಮ್ಮನ್ನು ಆರಿಸಿದ್ದೂ ಅದಕ್ಕೇ. ನಾನು ಇಪ್ಪತ್ತೈದು ವರ್ಷದವಳ ದನಿ ವಾಪಸು ಬರಲಿ ಅಂತ ಮೂವತ್ತು ವರ್ಷ ಕಾದೆ. ಅದು ಬರುವಂಥದ್ದಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದದ್ದು ಬೇರೆ ದನಿ. ಅದನ್ನು ನಾನು ಒಳಗೆ ಕರೆದಿರಲಿಲ್ಲ.

ನಿನ್ನ ಹಾರ್ಮೋನಿಯಮ್ಮನ್ನು ಬಳೇಪೇಟೆಗೆ ಒಯ್ದೆವು. ಎರಡು ರೀಡು ಸೀಳುತ್ತಿದ್ದವು, ತಿದಿಯ ಮಡಿಕೆಯಲ್ಲಿ ಇಲಿ ಕಡಿದಿತ್ತು. ಅಂಗಡಿಯವರು ಬಿಚ್ಚಿ ‘ಯಾರಮ್ಮಾ ನುಡಿಸ್ತಿದ್ದೋರು? ಈ ಮೂರು ಮನೆ ಎಷ್ಟು ಸವೆದಿವೆ ನೋಡಿ’ ಅಂದರು. ಆ ಮೂರೂ ಬದಲಾಯಿಸಬೇಡಿ ಅಂತ ಪುಟ್ಟಿ ಹೇಳಿದಳು. ನಾವು ಆಗ ಹಾಡುತ್ತಿದ್ದದ್ದು ಕಪ್ಪು ನಾಲ್ಕರಲ್ಲಿ. ನಾನೀಗ ಕಪ್ಪು ಎರಡಕ್ಕೆ ಇಳಿದಿದ್ದೇನೆ. ಬೈಯಬೇಡ.

ನಿನ್ನ ಮನೆಯ ನಡುಮನೆಯಲ್ಲೇ ರೆಕಾರ್ಡಿಂಗ್. ಗೋಡೆಗೆ ಕಂಬಳಿ, ರಗ್ಗು, ನೀನು ಹಳೇ ಸೀರೆಯಲ್ಲಿ ಹೊಲಿದ ಕೌದಿ, ಎಲ್ಲಾ ತೂಗಿಹಾಕಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತಾ ಹಾಡಿದೆ. ಮೈಸೂರು ರೈಲು ಬಂದಾಗಲೆಲ್ಲ ನಿಲ್ಲಿಸಬೇಕು. ಆಮ್ಯಾಲೆ ಆಮ್ಯಾಲೆ ಅಂತ ಅರ್ಧ ದಿನ ಹಾಗೇ ಹೋಗುತ್ತಿತ್ತು. ಒಂದು ಹಾಡಿನಲ್ಲಿ ಮಾತ್ರ ರೈಲಿನ ಸದ್ದು ನಿಂತ ಕಡೆಗೇ ನನ್ನ ಸಾಲು ಮುಗಿಯಿತು, ಅದನ್ನು ಹಾಗೇ ಬಿಟ್ಟಿದ್ದೇವೆ. ಪುಟ್ಟಿ ಒಂದೊಂದು ಹಾಡನ್ನು ಹತ್ತು ಹನ್ನೆರಡು ಸಲ ಹಾಡಿಸಿದಳು. ಹಟ ನಿನ್ನದೇ. ಗಂಟಲು ಕಟ್ಟಿದ ದಿನ ಬಿಸಿನೀರು ಕೊಟ್ಟು, ಏನೂ ಹೇಳದೆ, ಲ್ಯಾಪ್‌ಟಾಪ್ ಮುಚ್ಚಿ ಬದನೆಕಾಯಿ ಹೆಚ್ಚುತ್ತಾ ಕೂರುತ್ತಿದ್ದಳು. ಅದು ಯಾರ ಗುಣವೋ ಗೊತ್ತಿಲ್ಲ, ನಮ್ಮಿಬ್ಬರಲ್ಲಿ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ.

ಸೊಲ್ಲಿನ ವಿಷಯ ಹೇಳಬೇಕು. ನೀನಿಲ್ಲ, ಸೊಲ್ಲು ಯಾರು ಹಿಡಿಯುವುದು? ನನ್ನ ದನಿಯನ್ನೇ ಎರಡನೇ ಸಲ ರೆಕಾರ್ಡ್ ಮಾಡಿ ಕೂಡಿಸಬಹುದು ಅಂದಳು ಪುಟ್ಟಿ. ಮಾಡಿಯೂ ಮಾಡಿದೆವು. ಕೇಳಿದರೆ ಮೈಯೆಲ್ಲ ಜುಂ ಅಂತು. ಒಬ್ಬಳೇ ಕೂತು ಇಬ್ಬರ ಊಟ ಉಂಡ ಹಾಗೆ. ಅಳಿಸು ಅಂದೆ. ಕೊನೆಗೆ ಫ್ಯಾಕ್ಟರಿಯ ಐದು ಜನ ಹೆಣ್ಣುಮಕ್ಕಳನ್ನು ಒಂದು ಭಾನುವಾರ ಕರೆದೆ. ಮೊದಲು ನಾಚಿಕೊಂಡರು, ಚಿತ್ರಾನ್ನ ತಿಂದ ಮೇಲೆ ಸರಿಹೋದರು. ಅವರ ಶ್ರುತಿ ಅಲ್ಲಲ್ಲಿ ಜಾರುತ್ತದೆ. ನಿನ್ನ ಕಿವಿಗೆ ಅದು ಚುಚ್ಚುತ್ತದೆ ಅಂತ ಗೊತ್ತು. ನನಗೆ ಅದೇ ಸರಿ ಅನ್ನಿಸಿತು. ಅಮ್ಮನ ಎರಡು ಪದಗಳಿಗೆ ಮಾತ್ರ ಯಾರನ್ನೂ ಸೇರಿಸಲಿಲ್ಲ. ಅಲ್ಲಿ ಸೊಲ್ಲಿನ ಜಾಗದಲ್ಲಿ ಹಾರ್ಮೋನಿಯಮ್ಮಿನ ಷಡ್ಜ ಒಂದೇ ಇದೆ.

ಪುಟ್ಟಿಯ ಬಗ್ಗೆ ನನಗೊಂದು ಚಿಂತೆ ಇದೆ. ನಿನಗಲ್ಲದೆ ಯಾರಿಗೆ ಹೇಳಲಿ? ಕಿವಿ ನಿನ್ನದೇ. ಕೂದಲೆಳೆಯಷ್ಟು ಅಪಸ್ವರವನ್ನೂ ಹಿಡಿಯುತ್ತಾಳೆ. ಆದರೆ ತಾನು ಹಾಡುವುದಿಲ್ಲ. ಹಗಲು ಆಫೀಸು, ರಾತ್ರಿ ನನ್ನ ಹಾಡು, ಕಣ್ಣ ಕೆಳಗೆ ಕಪ್ಪು. ಮದುವೆ ಮಾತು ಎತ್ತಿದರೆ ನಗುತ್ತಾಳೆ, ಅದು ಹೋಗಲಿ. ಅವಳ ಫೋನಿನಲ್ಲಿ ಅವಳೇ ಬರೆದ ಏನೋ ಸಾಲುಗಳಿವೆ, ನಾನು ಹತ್ತಿರ ಹೋದರೆ ಮರೆಮಾಡುತ್ತಾಳೆ. ಅದು ನನಗೆ ಗೊತ್ತಿರುವ ರೋಗ. ಮೊನ್ನೆ ಅವಳಿಗೆ ನನ್ನ ಬಂಡಲ್ ಚೀಟಿಗಳ ಡಬ್ಬ ಕೊಟ್ಟೆ, ಹಾರ್ಲಿಕ್ಸ್ ಬಾಟಲಿಯ ಪಕ್ಕ ಅಕ್ಕಿಹಿಟ್ಟಿನ ಹಿಂದೆ ಇಡುತ್ತಿದ್ದ ಡಬ್ಬ. ಎಲ್ಲಾ ಓದಿದಳು. ‘ಅಮ್ಮನಿಗೆ ಯಾಕೆ ತೋರಿಸಲಿಲ್ಲ?’ ಅಂದಳು. ನಿಜ ಹೇಳಿದೆ. ಹೆದರಿಕೆ ಅಂದೆ. ನೀನು ಯಾರಿಗಾದರೂ ತೋರಿಸುವುದಿದ್ದರೆ ಈಗಲೇ ತೋರಿಸಿಬಿಡು ಮಗಳೇ ಅಂದೆ. ಅವಳು ಮಾತಾಡಲಿಲ್ಲ. ನೀನಾಗಿದ್ದರೆ ಏನು ಹೇಳುತ್ತಿದ್ದೆಯೋ, ಅವಳ ಕನಸಿನಲ್ಲಾದರೂ ಬಂದು ಹೇಳು.

ಕಡೆಗೆ ಹೆಸರಿನ ಪ್ರಶ್ನೆ ಬಂತು. ಹಾಡನ್ನು ಅಪ್‌ಲೋಡ್ ಮಾಡುವಾಗ ಪ್ರತಿ ಹಾಡಿಗೂ ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ತುಂಬಬೇಕು. ‘ಸಾಂಪ್ರದಾಯಿಕ’ ಅಂತ ಹಾಕುವುದಕ್ಕೂ ಅವಕಾಶ ಇದೆ. ಪುಟ್ಟಿ ನನ್ನ ಮುಖ ನೋಡಿದಳು. ಆ ಕ್ಯಾಸೆಟ್ಟಿನ ಕಥೆ ನೀನು ಅವಳಿಗೆ ಹೇಳಿದ್ದೆಯಂತೆ. ‘ನಿನ್ನ ಚಿಕ್ಕಮ್ಮ ಸರಿಯಾಗೇ ಜಗಳ ಆಡಿದ್ಲು, ನಾನು ಅವಳ ಪರ ನಿಲ್ಲಬೇಕಿತ್ತು’ ಅಂತ ಹೇಳಿದ್ದೆಯಂತೆ. ನನಗೇ ಹೇಳಬಹುದಿತ್ತಲ್ಲ ಅಕ್ಕ. ನಾನು ಚೀಟಿ ಬಚ್ಚಿಟ್ಟೆ, ನೀನು ಈ ಮಾತು ಬಚ್ಚಿಟ್ಟೆ.

ಶರೀಫಜ್ಜ ಪದದ ಕೊನೆಯಲ್ಲಿ ಶಿಶುನಾಳಧೀಶನ ಅಂಕಿತ ಇಡುತ್ತಿದ್ದದ್ದು ಯಾಕೆ ಅಂತ ನನಗೆ ಈಗ ಸ್ವಲ್ಪ ತಿಳಿಯುತ್ತದೆ. ಹೆಸರು ಇದ್ದ ಹಾಗೂ ಆಯಿತು, ತನ್ನ ಹೆಸರಲ್ಲದ ಹಾಗೂ ಆಯಿತು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಏಳಕ್ಕೂ ಸಾಹಿತ್ಯ ನನ್ನ ಹೆಸರು. ಅಮ್ಮನ ಎರಡಕ್ಕೆ, ಹಾಡಿಕೊಂಡು ಬಂದವಳು ಅಂತ ಅಮ್ಮನ ಹೆಸರು. ರಾಗದ ಮುಂದೆ, ಒಂಬತ್ತಕ್ಕೂ, ನಿನ್ನ ಹೆಸರು. ನೀನು ಈ ಏಳಕ್ಕೆ ರಾಗ ಹಾಕಲಿಲ್ಲ, ನಿಜ. ಆದರೆ ಒಳಗೊಳಗೇ ಕಟ್ಟುವಾಗ ಅಷ್ಟೂ ವರ್ಷ ಕೇಳುತ್ತಿದ್ದದ್ದು ನಿನ್ನ ಆ ಸವೆದ ಮೂರು ಮನೆಗಳೇ. ಹೆಸರಿನ ಕಾಗುಣಿತವನ್ನು ಮೂರು ಸಲ ನೋಡಿದೆ.

ನಿನ್ನೆ ಅರಿಶಿನ ಕುಂಕುಮಕ್ಕೆ ಮೇಲಿನ ಮನೆಯ ಹುಡುಗಿ ಬಂದಿದ್ದಳು. ಯಾದಗಿರಿ ಕಡೆಯವಳು, ಇನ್ನೂ ಲೈನಿಗೆ ಹೊಸಬಳು, ಕಾಲರ್ ಹೊಲಿಯುತ್ತಾಳೆ. ಪುಟ್ಟಿ ಫೋನಿನಲ್ಲಿ ಹಾಡು ಹಾಕಿದ್ದಳು. ಆ ಹುಡುಗಿ ಬಳೆ ತೊಡಿಸಿಕೊಳ್ಳುತ್ತಾ ಎರಡನೇ ಸುತ್ತಿಗೆ ಸುಮ್ಮನೆ ಗುನುಗಿದಳು. ಆಮೇಲೆ ಕೇಳಿದಳು, ‘ಆಂಟಿ, ಇದು ಯಾವ ಊರಿನ ಜನಪದ?’

ಪುಟ್ಟಿ ನನ್ನನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ ಅಕ್ಕ.

‘ಕೆ.ಪಿ. ಅಗ್ರಹಾರದ್ದು ಕಣಮ್ಮ’ ಅಂದೆ. ‘ಅಕ್ಕತಂಗೇರಿಬ್ಬರು ಕಟ್ಟಿದ್ದು.’

ಇಂತಿ
ನಿನ್ನ ತಂಗಿ